ಬೆದರಿದ ಕುದುರೆಗೆ ಸಾಂತ್ವನ

ಪ್ರಶ್ನೆ: 'ರೆಡ್ ಡೆಡ್ ರಿಡೆಂಪ್ಷನ್ 2' ವಿಡಿಯೋ ಆಟದಲ್ಲಿ ಹಾವನ್ನೋ ತೋಳವನ್ನೋ ಕಂಡೊಡನೆ ಕುದುರೆ ಸವಾರನನ್ನು ಕೆಡಹುವುದೇಕೆ? ಅದನ್ನು ಶಾಂತಗೊಳಿಸುವುದು ಹೇಗೆ?
– ಓದುಗರು, ಮಂಗಳೂರು, ಕೊಪ್ಪಳ ಜಿಲ್ಲೆ

2018ರಲ್ಲಿ ಹೊರಬಂದ ಈ ಆಟದ ಕುದುರೆಯು ನಿಜವಾದ ಅಶ್ವದ ಸ್ವಭಾವವನ್ನೇ ಬಹುಮಟ್ಟಿಗೆ ಅನುಕರಿಸುತ್ತದೆ. ಹುಲ್ಲುಬಯಲುಗಳಲ್ಲಿ ಹಿಂಸ್ರಪಶುಗಳಿಗೆ ಆಹಾರವಾಗುತ್ತ ಬಂದ ಈ ಸಾಧುಪ್ರಾಣಿಗೆ ಪಲಾಯನವೇ ಪರಮ ರಕ್ಷಣೆಯಾದುದರಿಂದ, ಅದರ ನೇತ್ರಗಳು ಶಿರಸ್ಸಿನ ಉಭಯ ಪಾರ್ಶ್ವಗಳಲ್ಲಿ ನೆಲಸಿ, ಮೂಗಿನ ನೇರ ಮುಂದಣ ಹಾಗೂ ಬಾಲದ ಹಿಂದಣ ಕಿರಿದೆಡೆಗಳನ್ನುಳಿದು, ಸುಮಾರು 350 ಡಿಗ್ರಿಗಳಷ್ಟು ಪರಿಸರವನ್ನು ಕಾಣಬಲ್ಲವು. ಕಣ್ಣಂಚಿನಲ್ಲಿ ಏನೋ ಅಲುಗಿತೆಂದರೆ, ಅದೇನೆಂದು ಪರೀಕ್ಷಿಸುವ ಮುನ್ನವೇ ಹೃದಯದ ಬಡಿತವೇರಿ, ಸ್ನಾಯುಗಳು ಬಿಗಿದು, ಕಾಲುಗಳು ಓಟಕ್ಕೆ ಸನ್ನದ್ಧವಾಗುವುವು. ಆಗ ಲಗಾಮನ್ನು ಜಗ್ಗಿದರೆ ಓಡುವ ದಾರಿ ಮುಚ್ಚಿತೆಂದು ಭಾವಿಸಿ ಅದು ಮತ್ತಷ್ಟು ಕೆರಳುವುದು. ಜಾತ್ರೆಯ ಹಲಗೆಯ ಸದ್ದಿಗೆ ಬೆಚ್ಚಿದ ಎತ್ತನ್ನು ನಮ್ಮ ರೈತನು ಮೂಗುದಾರ ಸಡಿಲಿಸಿ, ಗಂಗೆದೊಗಲು ಸವರಿ, ಮೆಲುದನಿಯಲ್ಲಿ ಮಾತಾಡಿಸಿ ತಣಿಸುವಂತೆಯೇ ಇಲ್ಲಿಯೂ ಸ್ಪರ್ಶ ಮತ್ತು ಪರಿಚಿತ ಧ್ವನಿಗಳೇ ಮದ್ದು.

ಆಟದಲ್ಲಿ ಕಂಟ್ರೋಲರಿನ ಎಡ ಸ್ಟಿಕ್ಕನ್ನು ಒತ್ತಿದರೆ ಸವಾರನು ಕುದುರೆಯನ್ನು ಸಂತೈಸುತ್ತಾನೆ. ಮೇವುಣಿಸಿ ಮೈಯುಜ್ಜಿ ಬೆಳೆಸಿದ ಬಾಂಧವ್ಯಕ್ಕೆ 4 ಹಂತಗಳಿದ್ದು, ಅದು ಗಾಢವಾದಷ್ಟೂ ಕುದುರೆಯ ಧೈರ್ಯ ಹೆಚ್ಚುವುದು. ಈ ಲಾಲನೆಯನ್ನು ಆಟದ ಅಂಗವಾಗಿಸಿದ್ದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ನಿಮ್ಮ ಜಿಲ್ಲೆಯ ಆನೆಗೊಂದಿಯಿಂದ ನದಿ ದಾಟಿ ಹಂಪಿಯ ಮಹಾನವಮಿ ದಿಬ್ಬಕ್ಕೆ ಹೋದರೆ, ಕುದುರೆಗಳನ್ನು ಕೈಹಿಡಿದು ನಡೆಸುವವರ ಶಿಲ್ಪಗಳನ್ನು ನೋಡಬಹುದು. ಅರಬ್ಬರಿಂದಲೂ ಪೋರ್ಚುಗೀಸರಿಂದಲೂ ವಿಜಯನಗರವು ಕೊಂಡ ಅಶ್ವಗಳು ಕಡಲು ದಾಟಿ ಅಪರಿಚಿತರ ವಶಕ್ಕೆ ಬಂದವು. ಅವುಗಳಿಗೂ ಇಂಥ ಸಾಂತ್ವನ ಬೇಕಾಗಿದ್ದಿರಬೇಕು. ಮತ್ತೆ ಆಟಕ್ಕೆ ಬಂದರೆ, ತೋಳಗಳು ಬಹಳ ಸಮೀಪಿಸಿದ್ದರೆ ಮಾತ್ರ ಸಂತೈಸುತ್ತ ನಿಲ್ಲದೆ, ಕುದುರೆಯ ಮುಖವನ್ನು ಅವುಗಳಿಂದ ಆಚೆಗೆ ತಿರುಗಿಸಿ ದೂರ ಸಾಗಿರಿ.