ಮಾಡು ಬಿಚ್ಚುವ ಮುನ್ನ

ಮನೆಯ ಮಾಡು ಸೋರತೊಡಗಿದೊಡನೆ ಗೃಹಸ್ಥನ ಮನಸ್ಸು ಹೊಸ ಹಂಚಿನ ಕಡೆಗೋ ತಾರಸಿಯ ಕಡೆಗೋ ಓಡುವುದು ಸಹಜ. ಆದರೆ ಮಾಡಿನ ಕೆಲಸವು ಮಾಡಿನಿಂದ ಆರಂಭವಾಗುವುದಿಲ್ಲ. ಅದು ಗೋಡೆಯಿಂದ, ಮರದಿಂದ, ನೀರು ಹರಿಯುವ ದಾರಿಯಿಂದ, ಮನೆಯ ಗಂಟಿನಿಂದ ಆರಂಭವಾಗುತ್ತದೆ. ಈ ಪೂರ್ವಸಿದ್ಧತೆಯ ಕುರಿತು ನಮ್ಮ ಗೃಹಸ್ಥ ಬಂಧುಗಳಲ್ಲಿ ಕೆಲವು ಮಾತುಗಳನ್ನು ನಿವೇದಿಸಿಕೊಳ್ಳುತ್ತೇವೆ.

ಮೊದಲನೆಯದು ಕಾಲನಿರ್ಣಯ. ನೈಋತ್ಯ ಮುಂಗಾರು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟಿ, ಕೆಲವೇ ದಿನಗಳಲ್ಲಿ ನಮ್ಮ ಸೀಮೆಗೆ ಬರುತ್ತದೆ. ಮೃಗಶಿರಾ ಮಳೆ ಹೂಡುವುದೂ ಆ ವಾರದಲ್ಲಿಯೇ. ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ಬೀಳುವ ಮಳೆಯ ಕಾಲುಭಾಗವೂ ಶಿವಮೊಗ್ಗ ನಗರದಲ್ಲಿ ಬೀಳುವುದಿಲ್ಲವೆಂಬುದು ನಿಜ. ಆದರೆ ಬಿಚ್ಚಿದ ಮಾಡಿಗೆ ವರ್ಷದ ಲೆಕ್ಕ ಬೇಕಿಲ್ಲ, ಒಂದು ರಾತ್ರಿಯ ಮಳೆ ಸಾಕು. ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಗುಡುಗು, ಗಾಳಿಯೊಡನೆ ಬರುವ ಅಡ್ಡಮಳೆಯೇ ತೆರೆದ ಗೋಡೆಗಳಿಗೆ ದೊಡ್ಡ ಶತ್ರು. ಆದುದರಿಂದ ದೀಪಾವಳಿಯ ನಂತರ ಪರೀಕ್ಷೆ, ಸಂಕ್ರಾಂತಿಯೊಳಗೆ ಸಾಮಗ್ರಿ, ಯುಗಾದಿಯೊಳಗೆ ಕೆಲಸ ಎಂಬ ಕ್ರಮವನ್ನು ಇಟ್ಟುಕೊಳ್ಳುವುದು ಲೇಸು.

ಎರಡನೆಯದು ಭಾರದ ವಿಚಾರ. ರವೀಂದ್ರನಗರದ ಒಂದು ಕುಟುಂಬದಲ್ಲಿ ಈ ಪ್ರಶ್ನೆಯೇ ಮನಸ್ತಾಪಕ್ಕೆ ಕಾರಣವಾಗಿತ್ತು. ತಂದೆ ಕಟ್ಟಿಸಿದ ಹಂಚಿನ ಮನೆ. ಮಕ್ಕಳಿಗೆ ಹಂಚು ತೆಗೆದು ತಾರಸಿ ಹಾಕಿಸುವ ಆಸೆ. ವೃದ್ಧ ತಾಯಿಗೆ ಗೋಡೆಗಳ ಮೇಲೆ ನಂಬಿಕೆ ಸಾಲದು. ಸಾಲದ ಅರ್ಜಿಯೂ ಸಿದ್ಧವಾಗಿತ್ತು. ಗೋಡೆಯ ಬುಡವನ್ನು ಎರಡು ಕಡೆ ಅಗೆದು ಇಂಜಿನಿಯರರಿಗೆ ತೋರಿಸಿರೆಂದು ನಾವು ಸೂಚಿಸಿದೆವು. ಅಗೆದಾಗ ಕಂಡದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆ, ಆಳವಿಲ್ಲದ ತಳಪಾಯ. ತಾಯಿಯ ಶಂಕೆ ಸುಳ್ಳಾಗಿರಲಿಲ್ಲ.

ಇದರ ಲೆಕ್ಕ ಸರಳವಾಗಿದೆ. ಮಂಗಳೂರು ಹಂಚಿನ ಹೊದಿಕೆ ಒಂದು ಚದರ ಮೀಟರಿಗೆ ಸುಮಾರು 40ರಿಂದ 45 ಕಿಲೋ ತೂಗುತ್ತದೆ. ನಾಲ್ಕು ಅಂಗುಲ ದಪ್ಪದ ಕಾಂಕ್ರೀಟು ತಾರಸಿ ಅಷ್ಟೇ ಜಾಗದಲ್ಲಿ ಸುಮಾರು 250 ಕಿಲೋ ತೂಗುತ್ತದೆ. ಹಂಚನ್ನು ಹೊತ್ತ ಗೋಡೆ ಅದರ ಐದು ಪಟ್ಟು ಭಾರವನ್ನು ಹೊರಲಾರದೆ ಹೋದರೆ ಅದು ಗೋಡೆಯ ದೋಷವಲ್ಲ. ತಗಡಿನ ಹೊದಿಕೆಗೆ ಇದರ ವಿರುದ್ಧವಾದ ಕಷ್ಟವಿದೆ: ಅದು ಚದರ ಮೀಟರಿಗೆ ನಾಲ್ಕೈದು ಕಿಲೋ ಮಾತ್ರ. ಗೋಡೆಗೆ ಹಗುರ, ಗಾಳಿಗೆ ಸುಲಭ. ಅದನ್ನು ಕೆಳಗಿನ ಚೌಕಟ್ಟಿಗೂ, ಚೌಕಟ್ಟನ್ನು ಗೋಡೆಗೂ ಭದ್ರವಾಗಿ ಬಿಗಿಯಬೇಕು. ಆ ಕುಟುಂಬ ಕಡೆಗೆ ಹಂಚನ್ನೇ ಉಳಿಸಿಕೊಂಡಿತು. ಸಾಲ ಅರ್ಧಕ್ಕಿಂತ ಕಡಿಮೆಯಾಯಿತು. ತಾರಸಿಯೇ ಬೇಕೆನ್ನುವವರು ಕಂಬ-ತೊಲೆಗಳ ಹೊಸ ಆಧಾರ, ಮಹಾನಗರ ಪಾಲಿಕೆಯ ಅನುಮತಿ ಎರಡನ್ನೂ ಮೊದಲೇ ಯೋಚಿಸಬೇಕು. ಕಾಂಕ್ರೀಟಿಗೆ ಕನಿಷ್ಠ ಏಳರಿಂದ ಹತ್ತು ದಿನ ನೀರುಣಿಸಬೇಕು. ಅದರ ಬಲವನ್ನು ಎಣಿಸುವುದು 28 ದಿನಗಳಿಗೆ. ಈ ದಿನಗಳನ್ನೂ ಮಳೆಗಾಲದಿಂದ ಹಿಂದಕ್ಕೆ ಎಣಿಸಿ ಇಡತಕ್ಕದ್ದು.

ಮೂರನೆಯದು ಹಳೆಯದರ ಪರೀಕ್ಷೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಪ್ರಸಿದ್ಧಿಗೆ ಬಂದ ಈ ಹಂಚು, ಒಂದರ ಅಂಚು ಮತ್ತೊಂದರ ತೋಡಿಗೆ ಕೂಡುವಂತೆ ರಚಿತವಾದುದು. ಅಚ್ಚುಗಳಲ್ಲಿ ಅಲ್ಪಸ್ವಲ್ಪ ಭೇದವಿರುವುದರಿಂದ ಬೇರೆ ಬೇರೆ ಕಾರ್ಖಾನೆಗಳ ಹಂಚನ್ನು ಒಂದೇ ಇಳಿಜಾರಿನಲ್ಲಿ ಬೆರೆಸಬಾರದು. ಎಷ್ಟೋ ಸೋರಿಕೆಗಳ ಮೂಲ ಇಲ್ಲಿರುತ್ತದೆ. ಹಳೆಯ ಹಂಚನ್ನು ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಒಣಗಿದ ಹಂಚನ್ನು ತೂಗಿ, ಒಂದು ದಿನ ನೀರಿನಲ್ಲಿಟ್ಟು ಮತ್ತೆ ತೂಗಿದಾಗ ನೂರಕ್ಕೆ 20ಕ್ಕಿಂತ ಹೆಚ್ಚು ಭಾರ ಏರಿದ್ದರೆ ಅದನ್ನು ಬಿಡುವುದೇ ಸರಿ. ಪಕಾಸು, ರೀಪುಗಳನ್ನು ನಡುವೆ ನೋಡಿ ಸಮಾಧಾನಪಡಬಾರದು. ಗೋಡೆಯೊಳಗೆ ಹೊಕ್ಕ ತುದಿಗಳನ್ನು ದಬ್ಬಳದಿಂದ ಚುಚ್ಚಿ ನೋಡಬೇಕು. ಗೆದ್ದಲೂ ತೇವವೂ ಮನೆಮಾಡುವುದು ಅಲ್ಲಿಯೇ. ಹಸಿಮರವನ್ನು ಏರಿಸಿದರೆ ಅದು ಒಣಗುವಾಗ ತಿರುಚಿಕೊಂಡು ಹಂಚಿನ ಸಾಲನ್ನೇ ಕೆಡಿಸುತ್ತದೆ. ಗೋಡೆಯ ಬಿರುಕು, ತೇವದ ತಲೆಗಳನ್ನು ಮಾಡು ಬಿಚ್ಚುವ ಮೊದಲೇ ಸರಿಪಡಿಸಬೇಕು.

ಹಿತ್ತಿಲ ಕೊಟ್ಟಿಗೆಗೆ ಹಳೆಯ ಸಿಮೆಂಟು ಶೀಟು ಇದ್ದರೆ ವಿಶೇಷ ಎಚ್ಚರ ಬೇಕು. ಅಂಥ ಶೀಟುಗಳಲ್ಲಿ ಬಹುಪಾಲು ಕಲ್ನಾರಿನವು. ಅದರ ಸೂಕ್ಷ್ಮ ನಾರು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ವಿಷಯ. ಒಡೆಯದೆ, ಗರಗಸ ಹಾಕದೆ, ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು, ಮಕ್ಕಳನ್ನು ದೂರವಿಡಬೇಕು, ಚೂರುಗಳನ್ನು ಅಂಗಳಕ್ಕೆ ಹಾಸಬಾರದು.

ನಾಲ್ಕನೆಯದು ದುಡಿಯುವವರ ಕ್ಷೇಮ. ಮಾಡಿನ ಮೇಲಿರುವವನಿಗೂ ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ. ಭದ್ರವಾದ ಅಟ್ಟಣಿಗೆ, ಸೊಂಟಕ್ಕೆ ಹಗ್ಗ, ಸೂರಿನ ಬಳಿ ವಿದ್ಯುತ್ ತಂತಿಯಿದ್ದರೆ ಮೆಸ್ಕಾಂನವರಿಗೆ ತಿಳಿಸಿ ಸಂಪರ್ಕ ನಿಲ್ಲಿಸುವುದು, ಇವು ಯಜಮಾನನ ಹೊಣೆ. ಕಾಯಕವನ್ನು ಗೌರವಿಸುವ ಮನೆಯಲ್ಲಿ ಕಾಯಕ ಮಾಡುವವನ ಕೈಕಾಲು ಮುರಿಯಬಾರದು. ಕೂಲಿಯ ಕರಾರನ್ನು ಕಾಗದದಲ್ಲಿ ಬರೆದು, ಕೆಲಸ ಮುಗಿದಷ್ಟಕ್ಕೆ ಹಂತಹಂತವಾಗಿ ಪಾವತಿ ಮಾಡುವುದು ಉಭಯರಿಗೂ ಹಿತ. ಅಂದಾಜಿನ ಐದನೆಯ ಒಂದು ಭಾಗವನ್ನು ಬೇರೆಯಾಗಿ ತೆಗೆದಿಡಿ. ಮಾಡು ಬಿಚ್ಚಿದ ಮೇಲೆಯೇ ಕಾಣುವ ಕೆಡುಕು ಇದ್ದೇ ಇರುತ್ತದೆ.

ಕೊನೆಯ ಮಾತು ಅಟ್ಟದ್ದು. ಮಾಡು ಬಿಚ್ಚುವ ದಿನ ಅಟ್ಟ ಖಾಲಿ ಮಾಡುವ ಅವಸರದಲ್ಲಿ ಬಟ್ಟೆಯಲ್ಲಿ ಸುತ್ತಿದ ಓಲೆಗರಿಯ ಕಟ್ಟುಗಳು, ಬಾಳಿಕೆ ಮುಗಿದಂತೆ ಕಾಣುವ ಕಡತಗಳು ಕಸದೊಡನೆ ಹೋಗುತ್ತವೆ. ಫ. ಗು. ಹಳಕಟ್ಟಿಯವರು ಇಂಥ ಗೃಹಸ್ಥರ ಮನೆಗಳಿಗೆ ಅಲೆದು ಓಲೆಗರಿಗಳನ್ನು ಕೂಡಿಹಾಕಿದ್ದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ ನಾಡಿನ ಕೈಸೇರಿತು. ಎಷ್ಟು ಕಟ್ಟುಗಳು ಸೋರುವ ಮಾಡಿನ ಕೆಳಗೆ ಕರಗಿಹೋದವೆಂಬುದನ್ನು ಹೇಳುವವರಿಲ್ಲ. ಕೆಲಸಕ್ಕೆ ಒಂದು ತಿಂಗಳು ಮೊದಲೇ ಹಿರಿಯರೊಬ್ಬರು ಕುಳಿತು ಅಟ್ಟವನ್ನು ನೋಡಲಿ. ಓಲೆಗರಿ ಸಿಕ್ಕರೆ ನೀರಿನಲ್ಲಿ ತೊಳೆಯಬಾರದು, ಬಿಸಿಲಿಗೆ ಹರಡಬಾರದು, ದಾರ ಬಿಚ್ಚಿ ಗರಿಗಳ ಕ್ರಮ ಕೆಡಿಸಬಾರದು. ಒಣಬಟ್ಟೆಯಲ್ಲಿ ಸುತ್ತಿಟ್ಟು ಬಲ್ಲವರಿಗೆ ತೋರಿಸಿರಿ. ಮನೆಯ ಹಕ್ಕುಪತ್ರಗಳಿಗೂ ಇದೇ ಕಾಳಜಿ ಸಲ್ಲಲಿ. ಪೂಜೆಯ ಸ್ಥಳವನ್ನು ಕೆಲಸ ಮುಗಿಯುವತನಕ ಭದ್ರವಾದ ಬೇರೊಂದು ಕೋಣೆಗೆ ಸಾಗಿಸಿಕೊಳ್ಳಿರಿ.

ಕೆಲಸ ಪೂರ್ಣವಾದ ಮೇಲೆ ಕೂಲಿಯ ಕಡೆಯ ಕಂತು ಕೊಡುವ ಮುನ್ನ ಕುಂಬಿಯಿಂದ ಸೂರಿನತನಕ ನೀರು ಸುರಿಸಿ ಒಳಗೆ ನಿಂತು ನೋಡಿರಿ. ಸೂರಿಗೆ ದೋಣಿ ಕಟ್ಟಿಸಲು ಇದೇ ಸಮಯ. ಸಾವಿರ ಚದರಡಿಯ ಮಾಡಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 900 ಲೀಟರು ನೀರು. ಅದು ಗೋಡೆಯ ಬುಡಕ್ಕೆ ಬೀಳದೆ ಬಾವಿಗೋ ತೊಟ್ಟಿಗೋ ಸೇರಿದರೆ ತಳಪಾಯವೂ ಉಳಿಯಿತು, ಬೇಸಿಗೆಯ ನೀರೂ ದೊರೆಯಿತು. ಹೀಗೆ ಮುಂದಾಲೋಚಿಸಿ ನಡೆದ ಮನೆಯವರು ಆರಿದ್ರಾ ಮಳೆಯ ರಾತ್ರಿಯಲ್ಲಿ ಸೋರುವ ಕಡೆಗೆ ಪಾತ್ರೆಯಿಡಲು ಏಳಬೇಕಾಗಿಲ್ಲ.