ಬಿಳಿಯಾನೆಯನ್ನು ನಂಬಿದವರು

2023ರ ಜೂನ್ 13, ಮಂಗಳವಾರ. ಅಮೆರಿಕದ ಪಶ್ಚಿಮ ತೀರದ ಓಕ್ಲೆಂಡ್ ನಗರದಲ್ಲಿ ಅಂದು ಸಂಜೆ ಬೇಸ್‌ಬಾಲ್ ಪಂದ್ಯ ನೋಡಲು ಕಾಲಿಸಿಯಂ ಕ್ರೀಡಾಂಗಣಕ್ಕೆ 27,759 ಜನ ಬಂದರು. ಅದಕ್ಕೆ ನಾಲ್ಕು ವಾರ ಮುಂಚೆ, ಮೇ 15ರಂದು, ಇದೇ ಅಂಗಣದಲ್ಲಿ ಇದೇ ತಂಡದ ಆಟಕ್ಕೆ ಬಂದಿದ್ದವರು 2,064 ಮಂದಿ. ನಡುವೆ ತಂಡದ ಅದೃಷ್ಟವೇನಾದರೂ ತೆರೆದಿತ್ತೆ? ಹಾಗೇನೂ ಇಲ್ಲ. ಓಕ್ಲೆಂಡ್ ಅಥ್ಲೆಟಿಕ್ಸ್ ಎಂಬ ಆ ತಂಡ ಜೂನ್ ಮೊದಲ ವಾರದ ಹೊತ್ತಿಗೆ ತಾನಾಡಿದ 62 ಪಂದ್ಯಗಳಲ್ಲಿ 50ನ್ನು ಸೋತು ಕುಳಿತಿತ್ತು.

ಬಂದವರಲ್ಲಿ ಸಾವಿರಾರು ಜನ ಹಸಿರು ಅಂಗಿ ತೊಟ್ಟಿದ್ದರು. ಅಂಗಿಯ ಎದೆಯ ಮೇಲೆ ಒಂದೇ ಒಂದು ಪದ: “ಮಾರು”. ತಂಡದ ಒಡೆಯರಿಗೆ ಅಭಿಮಾನಿಗಳು ಬರೆದ ಅರ್ಜಿ ಅದು. ಐದನೆಯ ಸರದಿ ಆರಂಭವಾದಾಗ ಮೊದಲ ದಾಂಡಿಗನ ಆಟ ಮುಗಿಯುವ ತನಕ ಆ ಜನಸ್ತೋಮ ಸದ್ದಿಲ್ಲದೆ ನಿಂತಿತು. ಆಮೇಲೆ ಕಟ್ಟೆಯೊಡೆದಂತೆ ಕೂಗೆದ್ದಿತು: “ತಂಡವನ್ನು ಮಾರು! ತಂಡವನ್ನು ಮಾರು!”

ತಂಡ ಸೋತರೆ ಬೈಯುವ ಅಭಿಮಾನಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಸೋಲುವ ತಂಡಕ್ಕಾಗಿ ಕ್ರೀಡಾಂಗಣವನ್ನು ತುಂಬಿಸಿ, ಆ ತುಂಬಿದ ಕ್ರೀಡಾಂಗಣವನ್ನೇ ಪ್ರತಿಭಟನೆಯಾಗಿಸಿದವರು ವಿರಳ. ಇದರ ಹಿಂದಿರುವ ಕಥೆ ಸ್ವಲ್ಪ ದೀರ್ಘವಾದುದು.

ಬೇಸ್‌ಬಾಲನ್ನು ಕ್ರಿಕೆಟ್ಟಿನ ದಾಯಾದಿ ಎನ್ನಬಹುದು. ಒಬ್ಬ ಚೆಂಡೆಸೆಯುತ್ತಾನೆ, ಇನ್ನೊಬ್ಬ ದಾಂಡಿನಿಂದ ಅದನ್ನು ಬಾರಿಸಿ, ಚೌಕದ ಮೂಲೆಗಳಲ್ಲಿರುವ ‘ಬೇಸ್’ಗಳನ್ನು ಮುಟ್ಟುತ್ತ ಸುತ್ತಿ ಹೊರಟಲ್ಲಿಗೆ ಮರಳಿದರೆ ಒಂದು ಓಟ. ಅಮೆರಿಕದ ಉನ್ನತ ಶ್ರೇಣಿಯಲ್ಲಿರುವ 30 ತಂಡಗಳಲ್ಲಿ ಒಂದೊಂದಕ್ಕೂ ವರ್ಷಕ್ಕೆ 162 ಪಂದ್ಯಗಳು. ಅರ್ಧ ತವರಿನಲ್ಲಿ, ಅರ್ಧ ಪರಸ್ಥಳದಲ್ಲಿ. ವಸಂತದಿಂದ ಶರತ್ಕಾಲದವರೆಗೆ ಹೆಚ್ಚುಕಡಮೆ ದಿನವೂ ಆಟವಿದ್ದೇ ಇರುತ್ತದೆ. ಧಾರಾವಾಹಿಯ ಮುಂದಿನ ಕಂತಿಗೆ ಕಾಯುವ ಮನೆಯವರಿಗೆ ಈ ಚಟದ ಸ್ವರೂಪವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಇಲ್ಲಿ ಕಂತು ಪ್ರತಿ ದಿನವೂ ಬರುತ್ತದೆ, ಅಷ್ಟೆ.

ಅಥ್ಲೆಟಿಕ್ಸ್ ಹುಟ್ಟಿದ್ದು 1901ರಲ್ಲಿ, ದೇಶದ ಇನ್ನೊಂದು ಕೊನೆಯ ಫಿಲಡೆಲ್ಫಿಯದಲ್ಲಿ. ಮರುವರ್ಷ, ನ್ಯೂಯಾರ್ಕ್ ಜಯಂಟ್ಸ್ ತಂಡದ ಜಾನ್ ಮೆಗ್ರಾ ಈ ಹೊಸ ತಂಡವನ್ನು “ಬಿಳಿಯಾನೆ” ಎಂದು ಹಂಗಿಸಿದರು. ಸಾಕುವುದಕ್ಕೆ ದುಬಾರಿ, ಪ್ರಯೋಜನ ಸೊನ್ನೆ ಎಂದು ಅದರ ಅರ್ಥ. ಅಥ್ಲೆಟಿಕ್ಸಿನ ವ್ಯವಸ್ಥಾಪಕ ಕಾನಿ ಮ್ಯಾಕ್ ಕೋಪಿಸಿಕೊಳ್ಳಲಿಲ್ಲ. ಆ ಬಿಳಿಯಾನೆಯನ್ನೇ ತಂಡದ ಲಾಂಛನವಾಗಿ ಮಾಡಿಕೊಂಡರು. (ಬಿಳಿಯಾನೆಯೆಂದರೆ ಐರಾವತ ಎಂದು ಬಲ್ಲ ನಮ್ಮವರಿಗೆ ಇದು ಬೈಗುಳವೆಂದೇ ತೋರಲಾರದು.) ತಂಡ 1955ರಲ್ಲಿ ಕ್ಯಾನ್ಸಸ್ ಸಿಟಿಗೆ ಗುಳೆ ಹೋಯಿತು, 1968ರಲ್ಲಿ ಓಕ್ಲೆಂಡಿಗೆ ಬಂದಿತು.

ಓಕ್ಲೆಂಡ್ ಸ್ಯಾನ್‌ಫ್ರಾನ್ಸಿಸ್ಕೋದ ಎದುರುದಡದ ಊರು. ಕೊಲ್ಲಿಯ ಆಚೆಗೆ ಸಿರಿ, ಸೊಬಗು, ಪ್ರವಾಸಿಗಳು. ಈಚೆಗೆ ಬಂದರು, ರೈಲು, ಕಾರ್ಖಾನೆ. ಶ್ರೀಮಂತ ಬಂಧುವಿನ ಮನೆಯ ಪಕ್ಕದಲ್ಲಿ ಬದುಕುವವರ ಬಿಗುಮಾನ ಈ ಊರಿಗುಂಟು. ಅಂಥ ಊರಿಗೆ 1972, 1973, 1974ರಲ್ಲಿ ಸಾಲಾಗಿ ಮೂರು ಬಾರಿ ವಿಶ್ವ ಸರಣಿಯ ಪಟ್ಟವನ್ನು ತಂದುಕೊಟ್ಟ ತಂಡವಿದು. 1989ರಲ್ಲಿ ನಾಲ್ಕನೆಯ ಪಟ್ಟ ಬಂದಿತು. ಆ ಸಲದ ಎದುರಾಳಿ ಆಚೆ ದಡದ ಸ್ಯಾನ್‌ಫ್ರಾನ್ಸಿಸ್ಕೋ ಜಯಂಟ್ಸ್. ಮೂರನೆಯ ಪಂದ್ಯ ಇನ್ನೇನು ಆರಂಭವಾಗಬೇಕು ಎನ್ನುವಾಗ ಭೂಮಿ ನಡುಗಿ ಎರಡು ದಡಗಳನ್ನೂ ತಲ್ಲಣಗೊಳಿಸಿತು. ಓಕ್ಲೆಂಡಿನ ಬೀದಿಗಳಲ್ಲೇ ಬೆಳೆದ ರಿಕಿ ಹೆಂಡರ್ಸನ್ ಅಂದು ತಂಡದಲ್ಲಿದ್ದರು. ಚೆಂಡೆಸೆಯುವವನ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ನುಗ್ಗುವುದನ್ನು ಆ ಆಟದಲ್ಲಿ “ಕದಿಯುವುದು” ಎನ್ನುತ್ತಾರೆ. ಹೆಂಡರ್ಸನ್ ತಮ್ಮ ಆಟದ ಆಯುಷ್ಯದಲ್ಲಿ 1,406 ಬಾರಿ ಕದ್ದರು. ಅವರ ಸಮೀಪಕ್ಕೆ ಬಂದವರು ಇಂದಿಗೂ ಇಲ್ಲ.

ಹಾಗಾದರೆ ಅಭಿಮಾನಿಗೆ ಕೊರಗೇನು? ಸೋಲೇ? ಸೋಲು ಅವನಿಗೆ ಹೊಸದಲ್ಲ. 2000ದಿಂದ 2003ರವರೆಗೆ ನಾಲ್ಕು ವರ್ಷ ತಂಡ ಅಂತಿಮ ಸುತ್ತುಗಳಿಗೆ ಏರಿತು. ನಾಲ್ಕು ವರ್ಷವೂ ಐದು ಪಂದ್ಯಗಳ ಮೊದಲ ಸರಣಿಯಲ್ಲಿ ಐದನೆಯದನ್ನು ಸೋತು ಮನೆಗೆ ಮರಳಿತು. 2012, 2013ರಲ್ಲಿಯೂ ಅದೇ ಐದನೆಯ ಪಂದ್ಯ, ಅದೇ ಸೋಲು. ಖಾಲಿ ಆಸನಗಳೂ ಹೊಸವಲ್ಲ. 1979ರ ಏಪ್ರಿಲಿನಲ್ಲಿ ಒಂದು ದಿನದ ಆಟಕ್ಕೆ ಬಂದವರ ಅಧಿಕೃತ ಸಂಖ್ಯೆ 653! ಆ ವರ್ಷ ತಂಡ 108 ಪಂದ್ಯಗಳನ್ನು ಸೋತಿತ್ತು. ಎರಡೇ ವರ್ಷಗಳಲ್ಲಿ, 1981ಕ್ಕೆ, ಅದೇ ತಂಡ ಮತ್ತೆ ಅಂತಿಮ ಸುತ್ತುಗಳಲ್ಲಿತ್ತು. ಸೋಲಿನ ವರ್ಷಗಳನ್ನು ಅಭಿಮಾನಿ ಬರಗಾಲದಂತೆ ಸಹಿಸುತ್ತಾನೆ. ಮಳೆ ಬಂದೇ ಬರುತ್ತದೆಂದು ಅವನಿಗೆ ಗೊತ್ತು.

ಅವನ ಕೊರಗು ಬೇರೆಯೇ. ಓಕ್ಲೆಂಡ್ ಬೆಳೆಸುತ್ತದೆ, ಬೇರೆಯವರು ಕೊಂಡೊಯ್ಯುತ್ತಾರೆ. ಜೇಸನ್ ಜಿಯಾಂಬಿ ಹೆಚ್ಚಿನ ಸಂಬಳಕ್ಕೆ ನ್ಯೂಯಾರ್ಕಿಗೆ ಹೋದರು. ಮಿಗೆಲ್ ತೆಹಾದ ಬಾಲ್ಟಿಮೋರಿಗೆ ಹೋದರು. ಹಣವಿಲ್ಲದ ತಂಡವನ್ನು ಲೆಕ್ಕಾಚಾರದ ಬಲದಿಂದಲೇ ಗೆಲ್ಲಿಸಲು ಹೊರಟ ಬಿಲಿ ಬೀನ್ ಅವರ ಸಾಹಸ ಮೈಕೆಲ್ ಲೂಯಿಸ್ ಬರೆದ ‘ಮನಿಬಾಲ್’ ಪುಸ್ತಕವಾಯಿತು, 2011ರಲ್ಲಿ ಚಲನಚಿತ್ರವೂ ಆಯಿತು. 2002ರಲ್ಲಿ ಸಾಲಾಗಿ 20 ಪಂದ್ಯ ಗೆದ್ದ ತಂಡದ ಕಥೆಯದು. ಜಗತ್ತು ಆ ಚಿತ್ರವನ್ನು ನೋಡಿ ಜಾಣ್ಮೆಗೆ ತಲೆದೂಗಿತು. ಓಕ್ಲೆಂಡಿನ ಅಭಿಮಾನಿ ಮಾತ್ರ, ಜಾಣ್ಮೆಯ ಜೊತೆಗೆ ಸ್ವಲ್ಪ ಹಣವೂ ಇದ್ದಿದ್ದರೆ ಎಂದುಕೊಂಡ.

2005ರಲ್ಲಿ ತಂಡವನ್ನು ಕೊಂಡವರಲ್ಲಿ ಪ್ರಮುಖರು ಜಾನ್ ಫಿಷರ್. ‘ಗ್ಯಾಪ್’ ಎಂಬ ಪ್ರಸಿದ್ಧ ಸಿದ್ಧ ಉಡುಪಿನ ಅಂಗಡಿಗಳನ್ನು ಸ್ಥಾಪಿಸಿದ ದಂಪತಿಗಳ ಮಗ. 1966ರಲ್ಲಿ ತೆರೆದ ಕಾಲಿಸಿಯಂ ಹಳತಾಯಿತು, ಹೊಸದು ಬೇಕು ಎಂಬುದು ಒಡೆಯರ ವಾದ. ಅದನ್ನು ಸುಳ್ಳೆನ್ನುವಂತಿಲ್ಲ. 2013ರಲ್ಲಿ ಆಟಗಾರರ ಕೋಣೆಗಳಿಗೆ ಚರಂಡಿಯ ನೀರು ನುಗ್ಗಿತ್ತು. 2023ರಲ್ಲಿ ವೀಕ್ಷಕ ವಿವರಣೆಯ ಕೋಣೆಯೊಂದರಲ್ಲಿ ಪಾಸಮ್ ಎಂಬ ಕಾಡುಪ್ರಾಣಿ ಬಿಡಾರ ಹೂಡಿ, ಬಂದ ವಿವರಣೆಗಾರರನ್ನೇ ಹೊರಗಟ್ಟಿತು. ಮೊದಲು ಆಸನಗಳ ಆಚೆಗೆ ಓಕ್ಲೆಂಡಿನ ಬೆಟ್ಟಸಾಲು ಕಾಣುತ್ತಿತ್ತು. 1995ರಲ್ಲಿ ಊರಿಗೆ ಮರಳಿದ ರೈಡರ್ಸ್ ಫುಟ್‌ಬಾಲ್ ತಂಡಕ್ಕಾಗಿ ಅಲ್ಲಿ ಗೋಡೆಯಂತಹ ಗ್ಯಾಲರಿಯೊಂದನ್ನು ಎಬ್ಬಿಸಿದರು, ಬೆಟ್ಟ ಮರೆಯಾಯಿತು. ರೈಡರ್ಸ್ ಒಡೆಯನ ಹೆಸರು ಹಿಡಿದು ಜನ ಆ ಗ್ಯಾಲರಿಯನ್ನು “ಡೇವಿಸ್ ಪರ್ವತ” ಎಂದು ಕರೆದರು. ಆ ರೈಡರ್ಸ್ 2020ರಲ್ಲಿ ಲಾಸ್ ವೇಗಸ್ಸಿಗೆ ಹೊರಟುಹೋಯಿತು. ಪರ್ವತ ಉಳಿಯಿತು.

ಹೊಸ ಅಂಗಣಕ್ಕಾಗಿ ಒಡೆಯರು ನೋಡದ ಸ್ಥಳವಿಲ್ಲ. ಇಂದು ಬಹುಸಂಖ್ಯೆಯಲ್ಲಿ ಭಾರತೀಯ ಕುಟುಂಬಗಳು ನೆಲೆಸಿರುವ ಫ್ರೀಮಾಂಟ್ ಒಮ್ಮೆ ಗೊತ್ತಾಗಿತ್ತು; 2009ರಲ್ಲಿ ಆ ಯೋಜನೆ ಬಿದ್ದುಹೋಯಿತು. ಸ್ಯಾನ್ ಹೋಸೆಯ ಮೇಲೆ ಜಯಂಟ್ಸ್ ತಂಡದ ಹಕ್ಕು ಅಡ್ಡಬಂದಿತು. ಕೊನೆಗೆ ಓಕ್ಲೆಂಡಿನ ಬಂದರಿನ ಬಳಿಯ ಹೊವರ್ಡ್ ಟರ್ಮಿನಲ್. ನಗರದೊಡನೆ ವರ್ಷಗಟ್ಟಲೆ ಮಾತುಕತೆ ನಡೆದು, ಸಂಬಂಧ ಕುದುರುವುದೆಂದು ಊರೆಲ್ಲ ನಂಬಿದ್ದಾಗ, 2023ರ ಏಪ್ರಿಲಿನಲ್ಲಿ ತಂಡ ಲಾಸ್ ವೇಗಸ್ಸಿನಲ್ಲಿ ಜಾಗ ನೋಡಿಕೊಂಡಿತೆಂಬ ಸುದ್ದಿ ಬಂದಿತು.

ಅಷ್ಟು ಹೊತ್ತಿಗೆ ತಂಡವನ್ನು ಬರಿದು ಮಾಡಿಯಾಗಿತ್ತು. 2022ರ ಮಾರ್ಚ್ ನಡುವಿನಿಂದ ಏಪ್ರಿಲ್ ಆರಂಭದೊಳಗೆ ಬ್ಯಾಸಿಟ್, ಓಲ್ಸನ್, ಚಾಪ್ಮನ್, ಮನಾಯಾ, ಹೀಗೆ ನಾಲ್ವರು ಪ್ರಮುಖ ಆಟಗಾರರನ್ನು ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಬಿಟ್ಟುಕೊಡಲಾಯಿತು. 2018 ಮತ್ತು 2019ರಲ್ಲಿ 97 ಪಂದ್ಯ ಗೆದ್ದಿದ್ದ ತಂಡ 2022ರಲ್ಲಿ 102 ಸೋತಿತು, 2023ರಲ್ಲಿ 112. ಆ ವರ್ಷ 30 ತಂಡಗಳಲ್ಲೆಲ್ಲ ಆಟಗಾರರ ಸಂಬಳಕ್ಕೆ ಅತಿ ಕಡಮೆ ಖರ್ಚು ಮಾಡಿದ್ದು ಓಕ್ಲೆಂಡೇ. ನ್ಯೂಯಾರ್ಕ್ ಮೆಟ್ಸ್ ಅದರ ಐದು ಪಟ್ಟಿಗೂ ಮಿಗಿಲಾಗಿ ವ್ಯಯಿಸಿತ್ತು.

ಇಲ್ಲಿ ಅಭಿಮಾನಿ ಇಕ್ಕಟ್ಟಿಗೆ ಸಿಕ್ಕಿಬಿದ್ದ. ಆಟಕ್ಕೆ ಹೋದನೋ, ತಂಡವನ್ನು ಊರಿಂದ ಒಯ್ಯುವವರ ಕೈಗೇ ಟಿಕೆಟಿನ ಹಣ ಕೊಟ್ಟಂತೆ. ಹೋಗದಿದ್ದನೋ, ಅವನ ಖಾಲಿ ಕುರ್ಚಿಯೇ ಅವನ ವಿರುದ್ಧ ಸಾಕ್ಷಿ: “ನೋಡಿ, ಈ ಊರಿಗೆ ತಂಡ ಬೇಡವಾಗಿದೆ.” ನಲ್ಲಿ ಕಿತ್ತು, ಬಾವಿಗೆ ಕಲ್ಲು ತುಂಬಿಸಿ, ಈ ಮನೆಯವರಿಗೆ ಬಾಯಾರಿಕೆಯೇ ಇಲ್ಲ ಎಂದಂತೆ! ಒಡೆಯರಿಗೂ ತಮ್ಮದೇ ಲೆಕ್ಕವಿದ್ದೀತು. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಐವತ್ತೈದು ವರ್ಷ ತಂದೆಯ ಕೈಹಿಡಿದು ಮಕ್ಕಳು ಬಂದ ಬಾಬಿಗೆ ಕಾಲಮೇ ಇರಲಿಲ್ಲ.

ಜೂನ್ 13ರ ಕೂಟ ಈ ಇಕ್ಕಟ್ಟಿಗೆ ಅಭಿಮಾನಿಗಳೇ ಕಂಡುಕೊಂಡ ಉತ್ತರ. ಅದಕ್ಕೆ ಅವರಿಟ್ಟ ಹೆಸರು “ತಿರುಗು ಬಹಿಷ್ಕಾರ”. ಬರುವುದೇ ಬಹಿಷ್ಕಾರ. ಜನರಿದ್ದಾರೆ ಎಂದು ಒಂದು ರಾತ್ರಿ ತೋರಿಸುವುದು. ವಿಚಿತ್ರವೆಂದರೆ ಆ ವಾರ ತಂಡವೂ ಎದ್ದು ಕುಳಿತಿತ್ತು. ಅಂದು ಟಾಂಪಾ ಬೇ ರೇಸ್ ಎಂಬ ಅಗ್ರಗಣ್ಯ ತಂಡವನ್ನು 2–1ರಿಂದ ಸೋಲಿಸಿತು. ಅದು ಸತತವಾಗಿ ಏಳನೆಯ ಗೆಲುವು. ಬಲಬದಿಯ ಆಸನಗಳಿಂದ ತಮಟೆಗಳು ಮೊಳಗಿದವು, ಹಸಿರು ಬಾವುಟಗಳು ಹಾರಿದವು. ಅದೇ ದಿನ ನೆವಾಡ ರಾಜ್ಯದ ಸೆನೆಟ್, ವೇಗಸ್ಸಿನ ಹೊಸ ಅಂಗಣಕ್ಕೆ ಸಾರ್ವಜನಿಕ ಬೊಕ್ಕಸದಿಂದ 38 ಕೋಟಿ ಡಾಲರುಗಳವರೆಗೆ ಕೊಡುವ ಮಸೂದೆಯನ್ನು ಅಂಗೀಕರಿಸಿತು. ಆ ರಾತ್ರಿಯ ಟಿಕೆಟ್ ವರಮಾನವನ್ನು, 8 ಲಕ್ಷ ಡಾಲರಿಗೂ ಮೇಲ್ಪಟ್ಟ ಹಣವನ್ನು, ತಂಡದವರು ದಾನ ಮಾಡಿದರು. ಮಾರಲಿಲ್ಲ. ನವೆಂಬರಿನಲ್ಲಿ 30 ತಂಡಗಳ ಒಡೆಯರೂ ಸೇರಿ, ಒಂದು ಮತವೂ ವಿರೋಧವಿಲ್ಲದೆ, ವಲಸೆಗೆ ಒಪ್ಪಿಗೆಯಿತ್ತರು.

ಈ ತಂಡದ ಅಭಿಮಾನಿಗಳು ಏಕೆ ಹೀಗೆ ಹಟ ಹಿಡಿದರೆಂದು ತಿಳಿಯಬೇಕಾದರೆ 2010ರ ಮೇ 9ರ ಒಂದು ಮಧ್ಯಾಹ್ನವನ್ನು ನೆನೆಯಬೇಕು. ಅಂದು ಅಮೆರಿಕದಲ್ಲಿ ತಾಯಂದಿರ ದಿನ. ಡಲಸ್ ಬ್ರೇಡನ್ ಎಂಬ ತರುಣ ಎಸೆತಗಾರ ಎದುರಾಳಿಯ 27 ಜನ ದಾಂಡಿಗರಲ್ಲಿ ಒಬ್ಬನನ್ನೂ ಮೊದಲ ಬೇಸಿಗೆ ಬಿಡದೆ ಹಿಂದಕ್ಕಟ್ಟಿದರು. ‘ಪರಿಪೂರ್ಣ ಪಂದ್ಯ’ ಎನಿಸಿಕೊಳ್ಳುವ ಈ ಸಾಧನೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸದಲ್ಲಿ ಬೆರಳೆಣಿಕೆಗೆ ಸ್ವಲ್ಪ ಮೀರಿದಷ್ಟು ಬಾರಿ ಮಾತ್ರ ನಡೆದದ್ದು. ಶಾಲೆಯಲ್ಲಿರುವಾಗಲೇ ತಾಯಿಯನ್ನು ಕಳೆದುಕೊಂಡ ಬ್ರೇಡನ್ನರನ್ನು ಸಾಕಿದವರು ಅಜ್ಜಿ. ಆಟ ಮುಗಿದಾಗ ಅಜ್ಜಿ ಅಂಗಣಕ್ಕಿಳಿದು ಬಂದರು. ಮೊಮ್ಮಗ ತಬ್ಬಿಕೊಂಡು ಅತ್ತ. ಅಂದು ನೋಡಲು ಬಂದವರು ಸುಮಾರು ಹನ್ನೆರಡು ಸಾವಿರ ಜನ. ಆ ಹನ್ನೆರಡು ಸಾವಿರದಲ್ಲಿ ತಾನೊಬ್ಬನಾಗಿದ್ದೆನೆಂಬುದನ್ನು ಯಾವನು ಮರೆತಾನು?

2024ರ ಸೆಪ್ಟೆಂಬರ್ 26ರಂದು ಕಾಲಿಸಿಯಮ್ಮಿನಲ್ಲಿ ಕೊನೆಯ ಪಂದ್ಯ ನಡೆಯಿತು. 46,889 ಜನ ಬಂದರು. ಓಕ್ಲೆಂಡಿನ ಮಕ್ಕಳಾದ ರಿಕಿ ಹೆಂಡರ್ಸನ್ ಮತ್ತು ಡೇವ್ ಸ್ಟೂವರ್ಟ್ ಮೊದಲ ಚೆಂಡುಗಳನ್ನೆಸೆದು ಆಟಕ್ಕೆ ಚಾಲನೆ ಕೊಟ್ಟರು. ಟೆಕ್ಸಸ್ ರೇಂಜರ್ಸ್ ವಿರುದ್ಧ ತಂಡ 3–2ರಿಂದ ಗೆದ್ದಿತು. ಮುಗಿದ ಮೇಲೆ ಯಾರೂ ಎದ್ದುಹೋಗಲಿಲ್ಲ. ವ್ಯವಸ್ಥಾಪಕ ಮಾರ್ಕ್ ಕಾಟ್ಸೇ ಮೈಕಿನೆದುರು ನಿಂತು ಜನಕ್ಕೆ ಕೃತಜ್ಞತೆ ಹೇಳಿ, ಕೊನೆಯದಾಗಿ ಊರಿನ ಹೆಸರನ್ನು ಕೂಗಿಸಿದರು. ಕೆಲವರು ಅಂಗಣದ ಮಣ್ಣನ್ನು ಮನೆಗೆ ಒಯ್ದರು. ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 20ರಂದು, ಹೆಂಡರ್ಸನ್ ತೀರಿಕೊಂಡರು.

2025ರಲ್ಲಿ ತಂಡ ಸ್ಯಾಕ್ರಮೆಂಟೊ ಬಳಿ ಸುಮಾರು ಹದಿನಾಲ್ಕು ಸಾವಿರ ಜನ ಹಿಡಿಸುವ ಚಿಕ್ಕ ಮೈದಾನಕ್ಕೆ ಹೋಯಿತು. 2028ಕ್ಕೆ ಲಾಸ್ ವೇಗಸ್ ಪ್ರವೇಶವೆಂದು ಸಂಕಲ್ಪ. ನಡುವಿನ ವರ್ಷಗಳಿಗೆ ಊರಿನ ಹೆಸರೇ ಬೇಡವೆಂದು ತೀರ್ಮಾನವಾಯಿತು. ಈಗ ಅದು ಬರಿಯ ‘ಅಥ್ಲೆಟಿಕ್ಸ್’. ಆನೆ ಮಾತ್ರ ಇದ್ದೇ ಇದೆ.

ಓಕ್ಲೆಂಡಿನ ಪಶ್ಚಿಮ ಭಾಗದಲ್ಲಿ ರೇಮಂಡಿ ಪಾರ್ಕ್ ಎಂಬ ಹಳೆಯ ಮೈದಾನವೊಂದಿದೆ. 2024ರಲ್ಲಿ ಅಲ್ಲಿ ‘ಓಕ್ಲೆಂಡ್ ಬಾಲರ್ಸ್’ ಎಂಬ ಪುಟ್ಟ ತಂಡ ಆಟ ಆರಂಭಿಸಿತು. ದೊಡ್ಡ ಶ್ರೇಣಿಯ ಯಾವ ತಂಡಕ್ಕೂ ಸೇರದ, ಕಿರಿಯ ಮಟ್ಟದ ಲೀಗಿನ ತಂಡ. ಮರುವರ್ಷವೇ ಅದು ತನ್ನ ಲೀಗಿನ ಪಟ್ಟವನ್ನು ಗೆದ್ದುಕೊಂಡಿತು. ಅದರ ಬಂಡವಾಳದಲ್ಲಿ ಒಂದು ಪಾಲು ಅಭಿಮಾನಿಗಳು ತಾವೇ ಕೈಯಿಂದ ಹಾಕಿದ ಹಣ.