ಬೆಟ್ಟದ ದಾರಿಯಲ್ಲಿ ಬೈಸಿಕಲ್ಲು

ಒಂದು ಬೈಸಿಕಲ್ಲು ಬೆಟ್ಟದಿಂದ ಕೆಳಗಿಳಿದು ಬಂದು ನಿಂತಿತು. ಅದರ ಹಿಂದಿನ ಚಕ್ರದ ಗುಂಬದಿಂದ ಹೊಗೆ ಏಳುತ್ತಿತ್ತು. ಒಳಗಿದ್ದ ಗ್ರೀಸು ಕರಗಿ, ಸುಟ್ಟು ಹೋಗಿತ್ತು. ಮರುದಿನ ಅದೇ ದಾರಿಯಲ್ಲಿ ಇಳಿಯಬೇಕಾದರೆ ಸವಾರನು ಗುಂಬವನ್ನು ಬಿಚ್ಚಿ, ಒರೆಸಿ, ಹೊಸ ಗ್ರೀಸನ್ನು ತುಂಬಲೇಬೇಕು.

ಇದು ಕಟ್ಟುಕಥೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ, ಸಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ, ಟ್ಯಾಮಲ್‌ಪೈಸ್ ಬೆಟ್ಟದ ಸೀಮೆಯಿದೆ. ಅಲ್ಲಿನ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ, ಕಾಡ್ಗಿಚ್ಚನ್ನು ಆರಿಸುವ ವಾಹನಗಳಿಗಾಗಿ ಮಾಡಿದ ಒಂದು ಕಚ್ಚಾ ರಸ್ತೆ ಸುಮಾರು 3 ಕಿಲೋಮೀಟರಿನಲ್ಲಿ 400 ಮೀಟರಿನಷ್ಟು ಕೆಳಗಿಳಿಯುತ್ತದೆ. 1970ರ ದಶಕದಲ್ಲಿ ಆ ಸೀಮೆಯ ಕೆಲವು ಯುವಕರು 1930-40ರ ಕಾಲದ ಹಳೆಯ, ಭಾರವಾದ, ದಪ್ಪ ಟಯರಿನ ಬೈಸಿಕಲ್ಲುಗಳನ್ನು ಹುಡುಕಿ ತಂದು, ಈ ರಸ್ತೆಯಲ್ಲಿ ಇಳಿಯುವ ಆಟವನ್ನು ಆರಂಭಿಸಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಗುಂಬದೊಳಗೇ ಹಿಡಿಯುವ ಬ್ರೇಕು ಆ ಗಾಡಿಗಳಲ್ಲಿತ್ತು. ಪ್ರತಿ ಇಳಿತದ ಅನಂತರವೂ ಗ್ರೀಸನ್ನು ಮತ್ತೆ ತುಂಬಬೇಕಾಗಿ ಬಂದುದರಿಂದ ಆ ರಸ್ತೆಗೆ ‘ರೀಪ್ಯಾಕ್’, ಎಂದರೆ ‘ಮರಳಿ ತುಂಬು’, ಎಂಬ ಹೆಸರೇ ನಿಂತಿತು. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ಸ್ಪರ್ಧೆ ನಡೆಯಿತು. ಇಂದು ಲೋಕದ ನಾನಾ ದೇಶಗಳಲ್ಲಿ ಹರಡಿರುವ ‘ಮೌಂಟನ್ ಬೈಕಿಂಗ್’ ಎಂಬ ಕ್ರೀಡೆಯ ತವರುಗಳಲ್ಲಿ ಈ ದಾರಿಯೇ ಪ್ರಸಿದ್ಧವಾದುದು.

ಹೊಗೆಯೇಳುವಷ್ಟು ಶಾಖ ಎಲ್ಲಿಂದ ಬಂತು? ಭೌತವಿಜ್ಞಾನದ ಮೊದಲ ಪಾಠಗಳನ್ನು ಓದಿದ ವಿದ್ಯಾರ್ಥಿಯು ಕಾಗದದ ಚೂರೊಂದರ ಮೇಲೆ ಇದಕ್ಕೆ ಉತ್ತರವನ್ನು ಪಡೆಯಬಹುದು.

ಸವಾರ ಮತ್ತು ಗಾಡಿ ಒಟ್ಟು 90 ಕಿಲೋಗ್ರಾಂ ಇರಲಿ. 400 ಮೀಟರ್ ಎತ್ತರದಲ್ಲಿ ಅವುಗಳಲ್ಲಿ ಅಡಗಿರುವ ಪ್ರಚ್ಛನ್ನ ಶಕ್ತಿಯು 90, 9.8 ಮತ್ತು 400 ಇವುಗಳ ಗುಣಲಬ್ಧ; ಎಂದರೆ ಸುಮಾರು 3,50,000 ಜೂಲ್. ಗಾಳಿಯ ತಡೆ, ಘರ್ಷಣೆ, ಬ್ರೇಕು ಯಾವುದೂ ಇಲ್ಲದಿದ್ದರೆ ಇದೆಲ್ಲವೂ ಚಲನಶಕ್ತಿಯಾಗಿ, ಸವಾರನು ಕೆಳಗೆ ಬರುವಾಗ ಗಂಟೆಗೆ ಸುಮಾರು 320 ಕಿಲೋಮೀಟರ್ ವೇಗದಲ್ಲಿರುತ್ತಿದ್ದನು! ವಾಸ್ತವವಾಗಿ ಆ ದಾರಿಯಲ್ಲಿ ಅತ್ಯಂತ ವೇಗವಾಗಿ ಇಳಿದ ಗ್ಯಾರಿ ಫಿಶರ್ ಎಂಬಾತನಿಗೆ 4 ನಿಮಿಷ 22 ಸೆಕೆಂಡು ಹಿಡಿಯಿತು. ಅವನ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರಿನ ಆಸುಪಾಸು. ಆ ವೇಗಕ್ಕೆ ಸಲ್ಲುವ ಚಲನಶಕ್ತಿ ಆರು ಸಾವಿರ ಜೂಲ್‌ಗಳಷ್ಟು ಮಾತ್ರ. ಒಟ್ಟು ಶಕ್ತಿಯಲ್ಲಿ ನೂರಕ್ಕೆ ಎರಡು ಪಾಲೂ ಅಲ್ಲ. ಉಳಿದುದೆಲ್ಲವನ್ನೂ ಎಲ್ಲಿಯಾದರೂ ವಿಲೇವಾರಿ ಮಾಡಲೇಬೇಕು. ಗಾಳಿಯನ್ನು ಸೀಳುವುದಕ್ಕೂ ಟಯರಿನ ಉರುಳಾಟಕ್ಕೂ ಸುಮಾರು ಅರ್ಧ ಸಂದಿತೆಂದು ಇಟ್ಟುಕೊಂಡರೂ, ಇನ್ನರ್ಧ ಬ್ರೇಕಿನ ಪಾಲಿಗೆ ಉಳಿಯುತ್ತದೆ. 1,75,000 ಜೂಲ್ ಶಾಖ ನಾಲ್ಕೂಕಾಲು ನಿಮಿಷದಲ್ಲಿ ಮುಷ್ಟಿಗಾತ್ರದ ಉಕ್ಕಿನ ಗುಂಬದೊಳಗೆ ಹುಟ್ಟಿದರೆ, ಅದರ ಸಾಮರ್ಥ್ಯ 650 ವಾಟ್‌ಗಿಂತ ಹೆಚ್ಚು. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಯೊಂದನ್ನು ಚಕ್ರದ ನಡುವೆ ಕಟ್ಟಿಕೊಂಡು ಹೊರಟಂತೆ! ಉಕ್ಕಿನ ವಿಶಿಷ್ಟೋಷ್ಣ ಅಲ್ಪವಾದುದರಿಂದ, ಶಾಖ ಹೊರಗೆ ಹೋಗದಿದ್ದರೆ 1 ಕಿಲೋಗ್ರಾಂ ಉಕ್ಕಿನ ಉಷ್ಣತೆ ಸುಮಾರು 370 ಡಿಗ್ರಿ ಸೆಂಟಿಗ್ರೇಡಿನಷ್ಟು ಏರುತ್ತದೆ. ಬೀಸುವ ಗಾಳಿ ಇದರಲ್ಲಿ ಒಂದು ಭಾಗವನ್ನು ಕೊಂಡೊಯ್ದರೂ ಗ್ರೀಸನ್ನು ಸುಡಲು ಮಿಕ್ಕುದು ಸಾಕು.

ಇಳಿಯುವ ಕಷ್ಟ ಇದಾದರೆ ಏರುವ ಕಷ್ಟ ಬೇರೆ. ರೀಪ್ಯಾಕಿನ ಮೊದಲ ಸವಾರರು ಗಾಡಿಗಳನ್ನು ತಳ್ಳಿಕೊಂಡೋ ಟ್ರಕ್ಕಿನಲ್ಲಿ ಹೇರಿಕೊಂಡೋ ಮೇಲಕ್ಕೆ ಹೋಗುತ್ತಿದ್ದರು. ಇದರಲ್ಲಿ ಸೋಮಾರಿತನವೇನೂ ಇರಲಿಲ್ಲ. ನಮ್ಮ ಊರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸಾಧಾರಣ ಸೈಕಲ್ಲನ್ನೇ ತೆಗೆದುಕೊಳ್ಳಿ. ಅದರ ಮುಂದಿನ ಹಲ್ಲುಚಕ್ರದಲ್ಲಿ ಹಿಂದಿನದರ ಸುಮಾರು ಎರಡೂವರೆ ಪಟ್ಟು ಹಲ್ಲುಗಳಿವೆ. ಆದುದರಿಂದ ಪೆಡಲು ಒಂದು ಸುತ್ತು ಬಂದರೆ ಗಾಡಿ ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಸಮನೆಲದಲ್ಲಿ ಇದು ಅನುಕೂಲವೇ. ಆದರೆ ನೂರಕ್ಕೆ 13ರಷ್ಟು ಏರುವ ದಾರಿಯಲ್ಲಿ, ಗಾಡಿ ಸವಾರ ಸೇರಿ 85 ಕಿಲೋಗ್ರಾಂ ಆದರೆ, ಪೆಡಲಿನ ಮೇಲೆ ಸುತ್ತಿನುದ್ದಕ್ಕೂ ಸರಾಸರಿ 57 ಕಿಲೋಗ್ರಾಂ ಭಾರದಷ್ಟು ಬಲವನ್ನು ಹಾಕಬೇಕಾಗುತ್ತದೆ. ಪೆಡಲು ಮೇಲ್ತುದಿ ಕೆಳತುದಿಗಳಲ್ಲಿರುವಾಗ ಕಾಲಿನ ಬಲ ಅಷ್ಟಾಗಿ ಸಲ್ಲದು. ಆದ್ದರಿಂದ ನಡುವೆ ಇನ್ನೂ ಬಹಳ ಹೆಚ್ಚು ಬಲ ಬೇಕು. ನಿಂತು ತುಳಿದರೂ ಹತ್ತು ಮಾರು ಹೋಗುವಷ್ಟರಲ್ಲಿ ಸವಾರ ಇಳಿದುಬಿಡುತ್ತಾನೆ.

ಈಗಿನ ಬೆಟ್ಟದ ಬೈಸಿಕಲ್ಲಿನಲ್ಲಿ ಮುಂದೆ 30 ಹಲ್ಲು, ಹಿಂದೆ 50 ಹಲ್ಲುಗಳ ಜೋಡಿ ಇರುವುದುಂಟು. ಇದರಲ್ಲಿ ಒಂದು ಸುತ್ತಿಗೆ ಗಾಡಿ ಸಾಗುವುದು ಒಂದೂಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು. ಬೇಕಾಗುವ ಸರಾಸರಿ ಬಲ ಸುಮಾರು 14 ಕಿಲೋಗ್ರಾಂ ಭಾರದಷ್ಟು. ಹಲ್ಲುಚಕ್ರವು ಕೆಲಸವನ್ನು ಕಡಿಮೆ ಮಾಡಲಿಲ್ಲ ಎಂಬುದನ್ನು ಮರೆಯಬಾರದು. ಮಾಡಬೇಕಾದ ಕೆಲಸವನ್ನು ಅದು ಹೆಚ್ಚು ಸುತ್ತುಗಳಿಗೆ ಹಂಚಿತು, ಅಷ್ಟೆ. ಸಾಲವನ್ನು ಒಮ್ಮೆಗೇ ತೀರಿಸಲಾರದವನು ಕಂತುಗಳಲ್ಲಿ ತೀರಿಸುವಂತೆ. 1970ರ ದಶಕದ ನಡುವಿನಲ್ಲಿ ಫಿಶರ್ ಮೊದಲಾದವರು ಹಳೆಯ ಗಾಡಿಗಳಿಗೆ ಇಂಥ ಬದಲಾಯಿಸುವ ಗೇರುಗಳನ್ನೂ ಹೆಚ್ಚು ಬಲವಾದ ಬ್ರೇಕುಗಳನ್ನೂ ಜೋಡಿಸಿದ ಮೇಲೆ, ಇಳಿದ ಬೆಟ್ಟವನ್ನು ತುಳಿದುಕೊಂಡೇ ಏರುವುದು ಸಾಧ್ಯವಾಯಿತು. 1977ರಲ್ಲಿ ಜೋ ಬ್ರೀಜ್ ಎಂಬಾತನು ಈ ಕೆಲಸಕ್ಕೆಂದೇ ಹೊಸದಾಗಿ ಚೌಕಟ್ಟನ್ನು ನಿರ್ಮಿಸಿದನು. 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು.

ಆದರೆ ಗಾಡಿ ಎಷ್ಟೇ ಉತ್ತಮವಾದರೂ ಅದನ್ನು ತುಳಿಯುವ ಯಂತ್ರ ಮನುಷ್ಯನ ದೇಹವೇ. ವಿಶೇಷ ಅಭ್ಯಾಸವಿಲ್ಲದ ಆರೋಗ್ಯವಂತ ತರುಣನು ಏರಿಕೆಗಾಗಿ ಗಂಟೆಗಟ್ಟಲೆ ಕೊಡಬಲ್ಲ ಸಾಮರ್ಥ್ಯ 100 ವಾಟ್ ಎಂದು ಎಣಿಸುವುದು ಕ್ಷೇಮ. ಅಷ್ಟರಿಂದ 85 ಕಿಲೋಗ್ರಾಂ ಭಾರವನ್ನು 400 ಮೀಟರ್ ಎತ್ತಲು 55 ನಿಮಿಷ ಬೇಕು. ದಾರಿ 3 ಕಿಲೋಮೀಟರ್ ಉದ್ದದ್ದಾದರೆ ಅವನ ವೇಗ ಗಂಟೆಗೆ ಮೂರೂಕಾಲು ಕಿಲೋಮೀಟರ್. ನಡೆಯುವವನ ವೇಗಕ್ಕಿಂತಲೂ ಕಡಿಮೆ! ಅಷ್ಟು ನಿಧಾನವಾದರೆ ಸಮತೋಲವನ್ನು ಕಾಯ್ದುಕೊಳ್ಳುವುದೇ ಕಷ್ಟ. ಇಂಥ ಕಡೆ ಇಳಿದು ತಳ್ಳುವುದು ಸೋಲಲ್ಲ, ಲೆಕ್ಕ ಬಲ್ಲವನ ಜಾಣತನ.

ಇಲ್ಲಿಂದಲೇ ಸವಾರಿಯ ಯೋಜನೆಯ ಮೊದಲ ಸೂತ್ರ ಹುಟ್ಟುತ್ತದೆ: ದಾರಿಯ ಕಷ್ಟವನ್ನು ಉದ್ದದಿಂದ ಅಳೆಯಬೇಡಿ, ಏರಿಕೆಯಿಂದ ಅಳೆಯಿರಿ. “ಇಪ್ಪತ್ತೇ ಕಿಲೋಮೀಟರು, ಎರಡು ಗಂಟೆಯ ಕೆಲಸ” ಎಂದು ಹೊರಟ ತಂಡಗಳು ಕತ್ತಲಾದ ಮೇಲೆ, ನೀರು ಮುಗಿದು, ಕಾಡಿನ ನಡುವೆ ಸಿಕ್ಕಿಕೊಳ್ಳುವುದು ಈ ಒಂದು ತಪ್ಪಿನಿಂದ.

ಏರಿಕೆಯನ್ನು ತಿಳಿಯಲು ಸಮೋನ್ನತಿ ರೇಖೆಗಳುಳ್ಳ ನಕ್ಷೆ ಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ 1 ಸೆಂಟಿಮೀಟರು ನೆಲದ ಮೇಲಿನ 500 ಮೀಟರಿಗೆ ಸಮ. ಅದರಲ್ಲಿ ಸಾಮಾನ್ಯವಾಗಿ ಒಂದು ರೇಖೆಯಿಂದ ಮುಂದಿನ ರೇಖೆಗೆ 20 ಮೀಟರ್ ಎತ್ತರದ ಅಂತರ. ನಿಮ್ಮ ದಾರಿ ಒಂದೂವರೆ ಸೆಂಟಿಮೀಟರಿನಲ್ಲಿ ಇಂಥ ಐದು ಅಂತರಗಳನ್ನು ದಾಟಿದರೆ 750 ಮೀಟರಿನಲ್ಲಿ 100 ಮೀಟರ್ ಏರಿದಂತಾಯಿತು. ಅದು ರೀಪ್ಯಾಕಿನಷ್ಟೇ ಕಡಿದು. ಆದರೆ ಇಡೀ ದಾರಿಯ ಸರಾಸರಿಯನ್ನು ಮಾತ್ರ ನೋಡಿ ತೃಪ್ತರಾಗಬಾರದು. ರೇಖೆಗಳು ಒತ್ತಾಗಿ ಕೂಡಿದ ಕಡೆಗಳನ್ನು ಕೆಂಪು ಮಸಿಯಿಂದ ಗುರುತು ಮಾಡಿಕೊಳ್ಳಿ. ತಳ್ಳಬೇಕಾದುದೂ ಬೀಳುವ ಭಯವಿರುವುದೂ ಅಲ್ಲಿಯೇ.

ಇನ್ನು ಕಾಲದ ಲೆಕ್ಕ. ಬೆಟ್ಟಗಳಲ್ಲಿ ನಡೆಯುವವರಿಗಾಗಿ 1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನವನು ಸರಳವಾದ ನಿಯಮವೊಂದನ್ನು ಹೇಳಿದನು: 3 ಮೈಲಿಗೆ ಒಂದು ಗಂಟೆ, ಅದರ ಮೇಲೆ 2,000 ಅಡಿ ಏರಿಕೆಗೆ ಇನ್ನೊಂದು ಗಂಟೆ. ಅದೇ ಮಾದರಿಯಲ್ಲಿ ನಮ್ಮ ಸವಾರನಿಗೆ ಒರಟು ದಾರಿಯಲ್ಲಿ 10 ಕಿಲೋಮೀಟರಿಗೆ ಒಂದು ಗಂಟೆ, 400 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಎಂದು ಇಟ್ಟುಕೊಳ್ಳೋಣ. ಹತ್ತು ಕಿಲೋಮೀಟರ್ ದೂರದಲ್ಲಿ 800 ಮೀಟರ್ ಎತ್ತರಕ್ಕೆ ಏರಿ, ಅದೇ ದಾರಿಯಲ್ಲಿ ಹಿಂದಿರುಗುವ ಸವಾರಿಗೆ ಎರಡು ಮತ್ತು ಎರಡು, ಒಟ್ಟು ನಾಲ್ಕು ಗಂಟೆ. ವಿಶ್ರಾಂತಿಗೆ, ಪಂಕ್ಚರಿಗೆ, ದಾರಿ ತಪ್ಪುವುದಕ್ಕೆ ಇದರ ಮೂರನೆಯ ಒಂದು ಭಾಗ ಕೂಡಿಸಿದರೆ 5 ಗಂಟೆ 20 ನಿಮಿಷ. ಬೆಳಿಗ್ಗೆ 7ಕ್ಕೆ ಹೊರಟವನು ಮಧ್ಯಾಹ್ನದ ಊಟಕ್ಕೆ ಮರಳುತ್ತಾನೆ. ಮಧ್ಯಾಹ್ನ 1ಕ್ಕೆ ಹೊರಟವನು ಚಳಿಗಾಲದ ದಿನವಾದರೆ ಕತ್ತಲಲ್ಲಿ ಇಳಿಯುತ್ತಾನೆ. ಇದೇ ಲೆಕ್ಕದಂತೆ ಶಿಖರವನ್ನು ಮುಟ್ಟಲು ನಾಲ್ಕು ಗಂಟೆ ಬೇಕು. ಆದುದರಿಂದ 11 ಗಂಟೆಗೆ ಶಿಖರ ಇನ್ನೂ ದೂರವಿದ್ದರೆ ಅಲ್ಲಿಂದಲೇ ಹಿಂದಿರುಗಬೇಕೆಂದು ಹೊರಡುವ ಮೊದಲೇ ನಿರ್ಧರಿಸಿರಬೇಕು. ದಣಿದ ಮೇಲೆ ಮನಸ್ಸು ನ್ಯಾಯವಾಗಿ ಲೆಕ್ಕ ಹಾಕುವುದಿಲ್ಲ.

ನೀರಿನ ಲೆಕ್ಕವೂ ಇದೇ ಜಾಡಿನದು. 800 ಮೀಟರ್ ಏರಲು ಸುಮಾರು 6,70,000 ಜೂಲ್ ಕೆಲಸ. ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಕಾಲುಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುತ್ತವೆ. ಮುಕ್ಕಾಲು ಭಾಗ, ಎಂದರೆ ಸುಮಾರು 20 ಲಕ್ಷ ಜೂಲ್, ಶಾಖವಾಗಿ ಮೈಯನ್ನು ಕಾಯಿಸುತ್ತದೆ. ಒಂದು ಲೀಟರು ಬೆವರು ಆವಿಯಾಗುವಾಗ ಸುಮಾರು 24 ಲಕ್ಷ ಜೂಲ್ ಹೀರಿಕೊಳ್ಳುತ್ತದೆ. ಸೆಕೆಯ ದಿನ ಈ ಹೊರೆಯನ್ನು ಬಹುಮಟ್ಟಿಗೆ ಬೆವರೇ ಹೊರಬೇಕಾದುದರಿಂದ, ಏರಿಕೆಯೊಂದಕ್ಕೇ ಮುಕ್ಕಾಲು ಲೀಟರಿಗೂ ಹೆಚ್ಚು ನೀರು ಹೋಗುತ್ತದೆ. ಹರಿದು ಬಿದ್ದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಇಡೀ ಸವಾರಿಗೆ ಎರಡು ಲೀಟರು ನೀರು ಕೊಂಡೊಯ್ಯುವುದು ಅತಿಯಲ್ಲ.

ಕೊನೆಯದಾಗಿ ಇಳಿತ. ಸಡಿಲವಾದ ಜಲ್ಲಿಯ ಮೇಲೆ ಘರ್ಷಣೆಯ ಗುಣಾಂಕ 0.4 ಎಂದು ಭಾವಿಸಿ. ಸಮನೆಲದಲ್ಲಿ ಇದೆಲ್ಲವೂ ಗಾಡಿಯನ್ನು ನಿಲ್ಲಿಸಲು ದೊರೆಯುತ್ತದೆ. ನೂರಕ್ಕೆ 13ರ ಇಳಿಜಾರಿನಲ್ಲಿ ಗುರುತ್ವವೇ 0.13ರಷ್ಟನ್ನು ಕಿತ್ತುಕೊಳ್ಳುವುದರಿಂದ ಉಳಿಯುವುದು 0.27. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಬ್ರೇಕು ಹಿಡಿದರೆ ಗಾಡಿ ನಿಲ್ಲಲು ಸುಮಾರು 5 ಮೀಟರ್ ಬೇಕು. ವೇಗ ಎರಡರಷ್ಟಾಗಿ 36 ಕಿಲೋಮೀಟರ್ ಆದರೆ ಬೇಕಾಗುವುದು ಹತ್ತಲ್ಲ, 19 ಮೀಟರ್. ದೂರವು ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ಕಣ್ಣು ಕಂಡು ಕೈ ಹಿಡಿಯುವಷ್ಟರಲ್ಲಿ ಕಳೆಯುವ ಹತ್ತು ಮೀಟರು ಇದರ ಮೇಲೆ. ತಿರುವಿನಾಚೆ ಹದಿನೈದು ಮೀಟರ್ ಮಾತ್ರ ಕಾಣುತ್ತಿದ್ದರೆ, ಅಲ್ಲಿ ಬರುವ ದನಕ್ಕೂ ಸೌದೆ ಹೊತ್ತ ಹೆಂಗಸಿಗೂ ನೀವು 36 ಕಿಲೋಮೀಟರಿನಲ್ಲಿ ಕೊಡುವ ಅವಕಾಶ ಏನೂ ಇಲ್ಲ. ಬ್ರೇಕು ಹಿಡಿದಾಗ ಭಾರ ಮುಂಚಕ್ರದ ಮೇಲೆ ಬೀಳುವುದರಿಂದ ಹಿಂಬ್ರೇಕೊಂದನ್ನೇ ನಂಬಿದವನಿಗೆ ಇನ್ನೂ ಹೆಚ್ಚು ದೂರ ಬೇಕು. ಮೈಯನ್ನು ಹಿಂದಕ್ಕೆ ಸರಿಸಿ, ಎರಡು ಬ್ರೇಕುಗಳನ್ನೂ ಮೆಲ್ಲಗೆ, ಕ್ರಮವಾಗಿ ಹಿಡಿಯಬೇಕು. ಕಡಿದಾದ ಇಳಿತವು ಆರಂಭವಾಗುವ ಮೊದಲೇ ವೇಗವನ್ನು ತಗ್ಗಿಸಬೇಕು.

ನಮ್ಮ ನಾಡಿನಲ್ಲಿ ಬೆಟ್ಟಗಳಿಗೆ ಕೊರತೆಯಿಲ್ಲ. ಕಾಯ್ದಿಟ್ಟ ಕಾಡಿನ ದಾರಿಯಾದರೆ ಅರಣ್ಯ ಇಲಾಖೆಯ ಅನುಮತಿಯನ್ನು ಪಡೆಯಿರಿ, ಒಬ್ಬರೇ ಹೋಗಬೇಡಿ, ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಮನೆಯಲ್ಲಿ ಬರೆದಿಟ್ಟು ಹೋಗಿ. ಅದಕ್ಕೂ ಮೊದಲು ಒಂದು ಸಂಜೆ ನಕ್ಷೆಯನ್ನು ಹರಡಿಕೊಂಡು, ರೇಖೆಗಳನ್ನು ಎಣಿಸಿ, ಏರಿಕೆ, ಕಾಲ, ನೀರು ಇವುಗಳ ಲೆಕ್ಕವನ್ನು ಬರೆಯಿರಿ. ಮರಳಿ ಬಂದ ಮೇಲೆ ನಿಜವಾಗಿ ಹಿಡಿದ ಕಾಲವನ್ನು ಪಕ್ಕದಲ್ಲಿ ಬರೆದು ಹೋಲಿಸಿರಿ. ಎರಡು ಮೂರು ಸವಾರಿಗಳಲ್ಲಿ ನಾವು ಇಲ್ಲಿ ಊಹಿಸಿದ 100 ವಾಟ್ ಹೋಗಿ, ನಿಮ್ಮ ದೇಹದ್ದೇ ಆದ ಸಂಖ್ಯೆ ದೊರೆಯುತ್ತದೆ. ಮುಂದಿನ ಬೆಟ್ಟ ನಿಮಗೆ ಎಟುಕುವುದೋ ಇಲ್ಲವೋ ಎಂಬುದನ್ನು ಆ ಸಂಖ್ಯೆ ಮನೆಯಲ್ಲಿರುವಾಗಲೇ ಹೇಳಿಬಿಡುತ್ತದೆ.